ಟಿಪ್ಸ್ ಕೊಟ್ಟ ತಪ್ಪಿಗೆ ಸಾಗರಸುಖ ಹಡಗಿನವರಿಗೊಂದು ಬಹಿರಂಗ ಪತ್ರ

ಅತಿಥಿ ಸಂತೋಷ ವಿಭಾಗದ ಮುಖ್ಯಾಧಿಕಾರಿಗಳು,
ಸಾಗರಸುಖ ವಿಹಾರ ನೌಕಾ ಸಂಸ್ಥೆ,
ಮುಂಬೈ.

ಪರಮ ಮಾನ್ಯರೇ,

ಯಲಹಂಕದ ಪಕ್ಕದ ಕೋಗಿಲಿನಿಂದ ಗಂಗರತ್ನಮ್ಮ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಮನೆಯವರೂ, ತಮ್ಮ ಹನ್ನೊಂದು ಅಂತಸ್ತಿನ ಹಡಗೂ, ಅದನ್ನು ಇಷ್ಟು ದಿನ ತಾಳಿಕೊಂಡಿರುವ ಸಮುದ್ರವೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ. ಹಡಗಿನಿಂದಿಳಿದು ಮೂರು ವಾರವಾದರೂ ಮನೆಯ ಹೊಸಿಲು ಆಗಾಗ ಅತ್ತಿತ್ತ ಓಲಾಡುವುದೊಂದನ್ನು ಬಿಟ್ಟರೆ ದೂರುವಂಥದ್ದು ಏನೂ ಇಲ್ಲ.

ದೂರುವಂಥದ್ದು ಏನೂ ಇಲ್ಲ ಎಂಬ ಮಾತನ್ನು ತಾವು ದಯವಿಟ್ಟು ಎರಡು ಸಲ ಓದಬೇಕು. ಯಾಕೆಂದರೆ ನಾನು ದೂರು ಕೊಟ್ಟಿದ್ದೇನೆಂದು ಹೇಳಿ ತಾವು ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಆಯೇಷಾ ಎಂಬ ಹೆಣ್ಣುಮಗಳನ್ನು ಕೆಲಸದಿಂದ ನಿಲ್ಲಿಸಿ ಮನೆಗೆ ಕಳಿಸಿದ್ದೀರಿ. ಹನ್ನೊಂದು ವರ್ಷ ತಮ್ಮ ಹಡಗಿನಲ್ಲಿ ಹಾಸಿಗೆ ಹಾಸಿದವಳಿಗೆ ಮುಂದಿನ ಪ್ರಯಾಣದ ಪಟ್ಟಿಯಲ್ಲಿ ಹೆಸರಿಲ್ಲ. ಇಪ್ಪತ್ತೈದನೇ ತಾರೀಕು ವಿಚಾರಣೆಯಂತೆ. ಅಷ್ಟರೊಳಗೆ ಅವಳನ್ನು ಮತ್ತೆ ಹಡಗು ಹತ್ತಿಸಬೇಕೆಂಬುದೇ ಈ ಪತ್ರದ ತಲೆ, ಬಾಲ, ಎಲ್ಲವೂ.

ತಪ್ಪು ಶುರುವಾದದ್ದು ತಮ್ಮ ಪುಸ್ತಕದಿಂದ. ನನಗೆ ಎಪ್ಪತ್ತು ತುಂಬಿತೆಂದು ನನ್ನ ಮಗ ಭೀಮರಾಜ್ ಐದು ದಿನದ ಟಿಕೆಟ್ಟು ಮಾಡಿಸಿದಾಗ ತಾವು ಕನ್ನಡದಲ್ಲೇ ಒಂದು ಕೈಪಿಡಿ ಕಳಿಸಿಕೊಟ್ಟಿರಿ, 'ಹಡಗು ಪ್ರಯಾಣಕ್ಕೆ ಉಪಯುಕ್ತ ಟಿಪ್ಸ್' ಎಂದು. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಸಿಕ್ಕ ಅಕ್ಷರವನ್ನು ಚೆಲ್ಲುವ ಅಭ್ಯಾಸವಿಲ್ಲದ್ದರಿಂದ ಮುಖಪುಟದಿಂದ ಮುದ್ರಕರ ವಿಳಾಸದವರೆಗೂ ಓದಿದೆ. ತಲೆ ತಿರುಗಿದರೆ ಶುಂಠಿ ಚೂರು ಬಾಯಲ್ಲಿಡಿ, ಅದೊಂದು ಟಿಪ್ಸ್. ದೊಡ್ಡ ಪೆಟ್ಟಿಗೆ ಕೋಣೆಗೆ ಬರುವುದು ಸಂಜೆಗೆ, ಆದ್ದರಿಂದ ಮಾತ್ರೆಯನ್ನೂ ಒಂದು ಜೊತೆ ಬಟ್ಟೆಯನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಅದೊಂದು ಟಿಪ್ಸ್. ಎಲ್ಲ ಬಾಗಿಲೂ ಒಂದೇ ಥರ ಇರುವುದರಿಂದ ಕೋಣೆಯ ನಂಬರು ಬರೆದಿಟ್ಟುಕೊಳ್ಳಿ, ಅದೊಂದು. ಚಿನ್ನದಂಥ ಮಾತುಗಳು. ನಮ್ಮ ಮನೆಗೆ ಬರುವ ಪೇಪರಿನಲ್ಲೂ ಅಡುಗೆಗೆ ಟಿಪ್ಸ್, ಕೂದಲಿಗೆ ಟಿಪ್ಸ್, ಮಂಡಿನೋವಿಗೆ ಟಿಪ್ಸ್ ಎಂದೇ ಹಾಕುತ್ತಾರೆ. ಆದ್ದರಿಂದ ಟಿಪ್ಸ್ ಎಂದರೆ ಬುದ್ಧಿಮಾತು ಎಂದು ನಾನು ತಿಳಿದದ್ದು ನನ್ನ ದಡ್ಡತನವಲ್ಲ, ತಮ್ಮ ಮೊದಲನೇ ಅಧ್ಯಾಯದ ಜಾಣತನ.

ಎರಡನೇ ಅಧ್ಯಾಯದ ಹೆಸರು 'ಟಿಪ್ಸ್ ಕೊಡುವ ಶಿಷ್ಟಾಚಾರ'. ಅದರಲ್ಲಿ ತಾವು ಬರೆದದ್ದನ್ನು ಅಕ್ಷರ ಬಿಡದೆ ಇಲ್ಲಿ ಇಳಿಸುತ್ತೇನೆ: 'ನಿಮ್ಮ ಸೇವೆ ಮಾಡಿದ ಸಿಬ್ಬಂದಿಗೆ ಉದಾರವಾಗಿ ಟಿಪ್ಸ್ ಕೊಡಿ. ದಿನವೂ ಕೊಡಬಹುದು, ಕೊನೆಯ ದಿನ ಒಟ್ಟಿಗೇ ಕೊಡಬಹುದು. ನಾಲ್ಕು ಜನರೆದುರು ಕೊಟ್ಟು ಮುಜುಗರ ಮಾಡಬೇಡಿ. ಮುಗುಳ್ನಗುತ್ತಾ ಕೊಡಿ. ಯಾರನ್ನೂ ಮರೆಯಬೇಡಿ.' ಮಾನ್ಯರೇ, ಓದುತ್ತಾ ನನ್ನ ಕಣ್ಣು ತುಂಬಿ ಬಂತು. ನಾನು ಬಾಯಿ ತೆರೆದರೆ ಮನೆಯಲ್ಲಿ ಸೊಸೆ ಟಿವಿ ಜೋರು ಮಾಡುತ್ತಾಳೆ, ಮಗ ಕಾರಿನ ಕೀಲಿ ಹುಡುಕುತ್ತಾನೆ; ನನ್ನ ಬುದ್ಧಿಮಾತನ್ನು ಇಷ್ಟು ಮರ್ಯಾದೆಯಿಂದ ಕೈಯೊಡ್ಡಿ ಕೇಳಿದವರು ಈ ಪ್ರಪಂಚದಲ್ಲಿ ತಾವೇ ಮೊದಲಿಗರು. ಆದರೂ ಒಂದು ಅನುಮಾನ ಬಂದು, ನನ್ನ ಜೊತೆ ಕೋಣೆಯಲ್ಲಿದ್ದ ಮೊಮ್ಮಗಳು ನಯನಾಳನ್ನು ಹಡಗಿನವರಿಗೆಲ್ಲ ಟಿಪ್ಸ್ ಕೊಡಬೇಕಂತಲ್ಲೇ ಎಂದು ಕೇಳಿದೆ. ಅವಳು ಫೋನಿನಿಂದ ತಲೆ ಎತ್ತದೆ, "ಕೊಡಜ್ಜಿ, ನಿನ್ನಿಷ್ಟ. ಎಷ್ಟ್ ಬೇಕೋ ಅಷ್ಟ್ ಕೊಡು," ಎಂದಳು. ಅಪ್ಪಣೆಯಾದ ಮೇಲೆ ನಾನು ಜಿಪುಣತನ ಮಾಡುವವಳಲ್ಲ.

ಊಟದ ಹಾಲಿನಲ್ಲಿ ನಮ್ಮ ಮೇಜಿಗೆ ಬಡಿಸುತ್ತಿದ್ದ ಅಜ್ಜು ಎಂಬಾತ ಎರಡನೇ ದಿನ ಊಟವಾದ ಮೇಲೆ ಪಕ್ಕದಲ್ಲಿ ನಗುತ್ತಾ ನಿಂತ. ಕೈಯೂ ಸ್ವಲ್ಪ ಮುಂದಿತ್ತು. ನಾನೂ ನಗುತ್ತಾ ಆ ಕೈ ಹಿಡಿದು, ನಾಲ್ಕು ಜನಕ್ಕೆ ಕೇಳಿಸದಂತೆ ಕಿವಿಯಲ್ಲಿ, ಮೊದಲು ಉಗುರು ಕತ್ತರಿಸಿಕೊಳ್ಳಪ್ಪ, ಆಮೇಲೆ ಸಾರು ಬಡಿಸುವಾಗ ಮೇಲಿಂದ ಸುರಿಯಬೇಡ ಎಂದು ಟಿಪ್ಸ್ ಕೊಟ್ಟೆ. ಆತ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಾ ಹೋದ. ಪಾಪ, ಯಾರೂ ಇಷ್ಟು ಕೊಟ್ಟಿರಲಿಕ್ಕಿಲ್ಲ ಎಂದುಕೊಂಡು ಮರುದಿನ ಇನ್ನೂ ಎರಡು ಕೊಟ್ಟೆ. ಅದರ ಮರುದಿನದಿಂದ ನಮ್ಮ ಮೇಜಿಗೆ ಬೇರೆಯವರು ಬಂದರು, ಅವರಿಗೂ ಕೊಟ್ಟೆ. ರಾತ್ರಿಯ ಊಟದಲ್ಲಿ ಎಲ್ಲರ ಕೈಕುಲುಕುತ್ತಾ ಬಂದ ಕ್ಯಾಪ್ಟನ್ನರಿಗೆ, ಅಲೆ ದೊಡ್ಡದಿದ್ದಾಗ ರಸ್ತೆಯ ಹಂಪಿನ ಮುಂದೆ ನಿಧಾನ ಮಾಡಿದ ಹಾಗೆ ನಿಧಾನ ಮಾಡಿ ಎಂದು ಅವರನ್ನು ಬಗ್ಗಿಸಿ ಕಿವಿಯಲ್ಲಿ ಹೇಳಿದೆ. ಯಾರನ್ನೂ ಮರೆಯಬೇಡಿ ಎಂದು ತಾವೇ ಬರೆದಿರಲಿಲ್ಲವೇ?

ಆದರೆ ಆಯೇಷಾಳಿಗೆ ಮಾತ್ರ ನಾಲ್ಕು ದಿನ ಏನೂ ಕೊಡಲಾಗಲಿಲ್ಲ, ಕಾರಣ ಅವಳ ಕೆಲಸದಲ್ಲಿ ಹೇಳಿಕೊಡುವಂಥದ್ದು ಏನೂ ಸಿಗಲಿಲ್ಲ. ನಲವತ್ತೈದು ದಾಟಿದ ಹೆಂಗಸು, ಆರ್.ಟಿ. ನಗರದವಳು. ಮೊದಲ ದಿನವೇ, "ನಿಮ್ದು ಕೋಗಿಲಾ ಅಜ್ಜಿ? ಅಯ್ಯೋ, ನಮ್ ನಾದಿನೀನ ಯಲಹಂಕಕ್ಕೇ ಕೊಟ್ಟಿರೋದು. ಹೆಬ್ಬಾಳದಲ್ ಟ್ರಾಫಿಕ್ ಹೆಂಗಿದೆ ಈಗ?" ಎಂದು ಕೇಳಿದಳು. ಸುತ್ತ ನೀರು ಬಿಟ್ಟು ಇನ್ನೇನೂ ಇಲ್ಲದ ಕಡೆ ಹೆಬ್ಬಾಳದ ಟ್ರಾಫಿಕ್ಕನ್ನು ನೆನೆದು ನಿಟ್ಟುಸಿರುಬಿಟ್ಟ ಆ ಹೆಂಗಸನ್ನು ನಾನು ನಮ್ಮವಳೆಂದುಕೊಂಡದ್ದರಲ್ಲಿ ಏನು ತಪ್ಪು? ದಿನಾ ನಾವು ಹೊರಗೆ ಹೋಗಿ ಬರುವಷ್ಟರಲ್ಲಿ ಟವೆಲನ್ನೇ ಮಡಿಸಿ ಹಾಸಿಗೆಯ ಮೇಲೊಂದು ಪ್ರಾಣಿ ಕೂರಿಸಿರುತ್ತಿದ್ದಳು. ಮೊದಲ ದಿನ ಆನೆ. ನಾನು ಸೊಂಡಿಲು ಕಂಡವಳೇ ಗಣಪನೆಂದು ಕುಂಕುಮವಿಟ್ಟು ಕೈಮುಗಿದೆ. ಕುಂಕುಮದ ಕಲೆಯನ್ನು ಅವಳು ಚಕಾರವೆತ್ತದೆ ಒಗೆದು ತಂದಳು. ನಾಲ್ಕನೇ ದಿನ ಒಂದು ಕೋತಿ ನನ್ನ ಕನ್ನಡಕ ಹಾಕಿಕೊಂಡು, ತೊಡೆಯ ಮೇಲೆ ತಮ್ಮ ಕೈಪಿಡಿ ಇಟ್ಟುಕೊಂಡು ಓದುತ್ತಾ ಕೂತಿತ್ತು. ಸಾಕ್ಷಾತ್ ನಾನೇ.

ಅಂದು ಸಂಜೆ ದಿಂಬಿನ ಮೇಲೆ ಅವಳ ಹೆಸರು ಬರೆದ ಒಂದು ಖಾಲಿ ಲಕೋಟೆ ಇತ್ತು. ಕೊನೆಯ ದಿನ ಒಟ್ಟಿಗೇ ಕೊಡಬಹುದು ಎಂದು ತಾವು ಬರೆದದ್ದು ಇದಕ್ಕೇ ಎಂದು ತಿಳಿದು, ಹಡಗಿನವರೇ ಇಟ್ಟಿದ್ದ ಕಾಗದದಲ್ಲಿ ನಾಲ್ಕು ಪುಟ ತುಂಬಾ ಬರೆದು, ಎಂಜಲು ಹಚ್ಚಿ ಅಂಟಿಸಿ ಕೊಟ್ಟೆ. ಆ ಲಕೋಟೆಯ ದಪ್ಪ ನೋಡಿ ಆಯೇಷಾ, "ಇಷ್ಟೊಂದ್ ಯಾಕಜ್ಜಿ!" ಎಂದಳು. ನಾನು, ಇರಲಿ ತಗೋಳೇ, ನನ್ನ ಹತ್ತಿರ ಇನ್ನೂ ಬೇಕಾದಷ್ಟಿದೆ ಎಂದೆ.

ಮಾನ್ಯರೇ, ಮುಂದಿನದು ನನಗೆ ತಿಳಿದದ್ದು ಹೋದ ಗುರುವಾರ, ಆಯೇಷಾ ಹೆಬ್ಬಾಳದಲ್ಲಿ ಬಸ್ಸು ಬದಲಿಸಿ, ಕೋಗಿಲಿನಲ್ಲಿ ನಾಲ್ಕು ಮನೆ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಾಗ. ಒಳಗೆ ಬಾ ಎಂದರೂ ಬರಲಿಲ್ಲ. "ನಾನೇನ್ ತಪ್ಪ್ ಮಾಡ್ದೆ ಅಂತ ಅಷ್ಟುದ್ದ ಕಂಪ್ಲೇಂಟ್ ಬರದ್ರಿ ಅಜ್ಜಿ? ಬಾಯಲ್ ಹೇಳಿದ್ರೆ ತಿದ್ಕೊಳ್ತಿರ್ಲಿಲ್ವಾ?" ಎಂದಳು. ಲಕೋಟೆಗಳನ್ನೆಲ್ಲ ಮೇಲ್ವಿಚಾರಕರ ಮುಂದೆಯೇ ಒಡೆಯಬೇಕೆಂಬುದು ತಮ್ಮ ನಿಯಮವಂತೆ. ಆ ಮಹಾನುಭಾವರು ಒಡೆದು, ನೋಟಿನ ಬದಲು ಅಕ್ಷರ ಕಂಡು, ಹಣವಿಡದೆ ನಾಲ್ಕು ಪುಟ ಬರೆದವರು ಬೈದೇ ಇರುತ್ತಾರೆಂದು ತೀರ್ಮಾನಿಸಿ, ಕಾಗದವನ್ನು ಅವಳಿಗೆ ಓದಲೂ ಕೊಡದೆ ತಮ್ಮ ಕಚೇರಿಗೆ ಕಳಿಸಿದರಂತೆ. ತಮ್ಮ ಕಚೇರಿಯವರು ಅದನ್ನು ಭಾಷಾಂತರ ಮಾಡುವ ಯಂತ್ರಕ್ಕೆ ತಿನ್ನಿಸಿದರಂತೆ. ಯಂತ್ರ ಕಕ್ಕಿದ್ದನ್ನೇ ಆಪಾದನೆಯೆಂದು ಟೈಪು ಮಾಡಿ ಅವಳ ಕೈಗೆ ಕೊಟ್ಟಿದ್ದೀರಿ. ನಯನಾ ಆ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಂದು ನನಗೆ ಓದಿ ಹೇಳಿದಳು.

ನಾನು ಬರೆದದ್ದು: ನಿನ್ನ ಟವೆಲಿನ ಕೋತಿ ನೋಡಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ತಮ್ಮ ಮೊದಲ ಆಪಾದನೆ: ಕೋಣೆಯ ಟವೆಲುಗಳಿಂದ ವೃದ್ಧ ಪ್ರಯಾಣಿಕರಿಗೆ ಜಠರದಲ್ಲಿ ಹುಣ್ಣಾಗಿದೆ, ಕೋತಿಯ ಸಂಪರ್ಕವೂ ಇರುವಂತಿದೆ. ನಾನು ಬರೆದದ್ದು: ನೀನು ಹಾಸಿದ ಹಾಸಿಗೆಯನ್ನು ಕೈ ತೊಳೆದು ಮುಟ್ಟಬೇಕು, ಅಷ್ಟು ಚೆಂದ. ಎರಡನೇ ಆಪಾದನೆ: ಹಾಸಿಗೆ ಮುಟ್ಟಿದವರು ಕೈ ತೊಳೆದುಕೊಳ್ಳಬೇಕಾದ ಸ್ಥಿತಿ ಇದೆ. ನಾನು ಬರೆದದ್ದು: ಇಷ್ಟು ಚೆನ್ನಾಗಿ ಕೆಲಸ ಮಾಡುವವಳಿಗೆ ಜನರ ಕಣ್ಣು ಬೀಳುತ್ತದೆ, ಮನೆಗೆ ಹೋದ ಕೂಡಲೇ ದೃಷ್ಟಿ ತೆಗೆಸಿಕೋ. ಮೂರನೇ ಆಪಾದನೆ: ಕೋಣೆಯಲ್ಲಿ ಕಣ್ಣುಗಳು ಬೀಳುತ್ತಿವೆ, ನೌಕರಳ ದೃಷ್ಟಿಯನ್ನು ಮನೆಗೆ ಕಳಿಸಿ ತೆಗೆಸತಕ್ಕದ್ದು. ಇದನ್ನು ಓದಿಯೂ ತಾವು ವಿಚಲಿತರಾಗದೆ, ವಿಚಾರಣೆಗೆ ಬರುವಾಗ ಕಣ್ಣಾಸ್ಪತ್ರೆಯ ಸರ್ಟಿಫಿಕೇಟು ತರಬೇಕೆಂದು ಅವಳಿಗೆ ಬರೆದಿದ್ದೀರಿ. ಈ ಮಟ್ಟದ ಕಾರ್ಯದಕ್ಷತೆಯನ್ನು ನಾನು ಇಷ್ಟು ವರ್ಷದಲ್ಲಿ ನಮ್ಮ ತಾಲ್ಲೂಕು ಕಚೇರಿಯಲ್ಲೂ ಕಂಡಿಲ್ಲ. ಅವರಿಗೆ ತಾವು ತರಬೇತಿ ಕೊಡಬಹುದು.

ಟಿಪ್ಸ್ ಎಂದರೆ ಭಕ್ಷೀಸು ಎಂದು ನಯನಾ ನನಗೆ ಹೇಳಿದ್ದೂ ಆವತ್ತೇ. ನನಗಾದ ನಾಚಿಕೆಯನ್ನು ಬರೆಯಲು ತಮ್ಮ ಯಂತ್ರವೇ ಬೇಕು. ಬರೀ ದುಡ್ಡನ್ನು ಕೈಗೆ ಕೊಡುವುದು ನಮ್ಮಲ್ಲಿಲ್ಲವಾದ್ದರಿಂದ ತಟ್ಟೆಯಲ್ಲಿ ಎಲೆ ಅಡಿಕೆ, ಕುಪ್ಪಸದ ಬಟ್ಟೆ, ಮೇಲೆ ನೋಟಿಟ್ಟು ಕೊಟ್ಟೆ. ಅವಳು ಎಲೆ ಅಡಿಕೆ ತಗೊಂಡಳು, ಬಟ್ಟೆಯನ್ನು ಕಣ್ಣಿಗೊತ್ತಿಕೊಂಡಳು, ನೋಟನ್ನು ತಟ್ಟೆಯಲ್ಲೇ ಬಿಟ್ಟಳು. "ದುಡ್ ಬೇಡಜ್ಜಿ. ನೀವ್ ಬರೆದಿದ್ಕೆ ನೀವೇ ಅರ್ಥ ಹೇಳಿ ನನ್ ಕೆಲ್ಸ ಕೊಡ್ಸಿ," ಎಂದಳು. ಅಂಥ ಹೆಂಗಸಿನ ಮೇಲೆ, ಮಾನ್ಯರೇ, ಹುಣ್ಣಿನ ಕೇಸು ಹಾಕಿದ್ದೀರಿ.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆ ಏನೆಂದರೆ, ಆಯೇಷಾಳ ಹೆಸರನ್ನು ಮುಂದಿನ ಪ್ರಯಾಣದ ಪಟ್ಟಿಯಲ್ಲಿ ಮೊದಲ ಸಾಲಿಗೇ ಸೇರಿಸಬೇಕು. ಕೈಪಿಡಿಯಲ್ಲಿ ಬುದ್ಧಿಮಾತಿಗೆ ಬುದ್ಧಿಮಾತೆಂದೂ ಭಕ್ಷೀಸಿಗೆ ಭಕ್ಷೀಸೆಂದೂ ಬೇರೆ ಬೇರೆ ಹೆಸರಿಡಬೇಕು. ತಮ್ಮ ಯಂತ್ರವನ್ನು ಒಂದು ವರ್ಷದ ಮಟ್ಟಿಗೆ ನಮ್ಮೂರ ಸ್ಕೂಲಿಗೆ ಕಳಿಸಿ ಮೂರನೇ ಕ್ಲಾಸಿನ ಮಕ್ಕಳ ಪಕ್ಕದಲ್ಲಿ ಕೂರಿಸಬೇಕು, ಮಧ್ಯಾಹ್ನದ ಊಟಕ್ಕೆ ತಟ್ಟೆ ನಾನೇ ಕೊಡುತ್ತೇನೆ. ವಿಚಾರಣೆ ನಡೆಸಲೇಬೇಕೆಂಬ ಹಟವಿದ್ದರೆ ಹಡಗನ್ನೇ ಹೆಬ್ಬಾಳದ ಕೆರೆಗೆ ತರಬೇಕು. ಮುದುಕಿ ಸಾಕ್ಷಿ ಹೇಳಲು ಮುಂಬೈವರೆಗೆ ಬರಲಾರಳು. ದಾರಿಯಲ್ಲಿ ಹಡಗು ಫ್ಲೈಓವರಿನ ಕೆಳಗೆ ಸಿಕ್ಕಿಕೊಂಡರೆ ಕ್ಯಾಪ್ಟನ್ನರು ಗಾಬರಿಯಾಗುವುದು ಬೇಡ, ಅಲ್ಲಿ ಸಿಕ್ಕಿಕೊಳ್ಳದ ವಾಹನವನ್ನು ನಾವಿನ್ನೂ ನೋಡಿಲ್ಲ. ಹಾರ್ನ್ ಮಾತ್ರ ಮೆಲ್ಲಗೆ ಹೊಡೆಯಲಿ, ಪಕ್ಕದ ವೆಟರ್ನರಿ ಕಾಲೇಜಿನ ದನಗಳು ಬೆದರುತ್ತವೆ. ಕೊನೆಯದಾಗಿ, ಈ ಪತ್ರವನ್ನು ದಯವಿಟ್ಟು ಯಂತ್ರದ ಬಾಯಿಗೆ ಕೊಡದೆ ಕನ್ನಡ ಬಲ್ಲ ಮನುಷ್ಯರಿಂದ ಓದಿಸಿ. ಈ ಒಂದು ಸಾಲನ್ನು ತಮಗೆ ತಿಳಿಯಲೆಂದು ನಯನಾ ಇಂಗ್ಲಿಷಿನಲ್ಲೂ ಮೇಲೆ ಬರೆದಿದ್ದಾಳೆ.

ತಮ್ಮ ಪುಸ್ತಕವನ್ನು ಪೂರ್ತಿ ನಂಬಿ ಕೆಟ್ಟ ಮೇಲೂ ತಮ್ಮನ್ನು ಇನ್ನೊಂದು ವಾರ ನಂಬಲು ತಯಾರಿರುವ

ತಮ್ಮ ವಿಶ್ವಾಸಿ,
ಗಂಗರತ್ನಮ್ಮ,
ಕೋಗಿಲು, ಬೆಂಗಳೂರು ಉತ್ತರ.

ತಾಜಾ ಕಲಂ: ಈ ಪತ್ರವನ್ನು ಸೋಮವಾರವೇ ತಮಗೆ ಮೇಲ್ ಮಾಡಿಸಿದ್ದೆ; ಇವತ್ತು ಪೇಪರಿಗೆ ಕೊಡೋಣವೆಂದು ಕೂತಾಗ ಆಯೇಷಾ ಫೋನು ಮಾಡಿದಳು. ಕೈಪಿಡಿ ಬರೆದವರು ಹೊರಗಿನವರಂತೆ; ತಮ್ಮ ನೌಕರರ ದಫ್ತರವನ್ನೆಲ್ಲ ಜಾಲಾಡಿದರೂ ಕನ್ನಡ ಬಲ್ಲವರು ಒಬ್ಬರೇ ಸಿಕ್ಕಿದರಂತೆ, ಅದು ಅವಳೇ ಅಂತೆ. ಆದ್ದರಿಂದ ಬೆಂಗಳೂರಿನ ಯಾರೋ ಅಜ್ಜಿಯ ಪತ್ರವೊಂದನ್ನು ತುರ್ತಾಗಿ ಇಂಗ್ಲಿಷಿಗೆ ಮಾಡಿಕೊಡಬೇಕೆಂದು ತಾವು ಅವಳಿಗೇ ಆದೇಶ ಕಳಿಸಿದ್ದೀರಂತೆ. ನಗು ತಡೆಯಲಾಗದೆ, "ಏನ್ ಮಾಡ್ಲಿ ಅಜ್ಜಿ?" ಎಂದು ಕೇಳಿದಳು. ನಾನು ಅವಳಿಗೆ ಕೊಡದೆ ಉಳಿಸಿದ್ದ ಒಂದೇ ಒಂದು ಟಿಪ್ಸನ್ನು ಈಗ ಕೊಟ್ಟಿದ್ದೇನೆ: ಕೆಲಸದಿಂದ ನಿಲ್ಲಿಸಿದವರ ಕೈಲಿ ಕೆಲಸ ಮಾಡಿಸಿಕೊಳ್ಳಲು ಬರುವುದಿಲ್ಲ, ಹಡಗು ಹತ್ತಲು ಆದೇಶ ಬಂದ ದಿನ ಅನುವಾದ ಶುರು ಮಾಡು. ಅಲ್ಲಿಯವರೆಗೆ ನಾನು ಇಷ್ಟುದ್ದ ತಮ್ಮನ್ನು ಹೊಗಳಿದ್ದೇನೋ ಉಗಿದಿದ್ದೇನೋ ಎಂದು ತಾವು ಯೋಚಿಸುತ್ತಾ ಕೂತಿರಿ.