ನೆಲೋಗಿಯ ಗಾಡಿ ಜರ್ಮನಿಯಲ್ಲಿ ಓಡಿದ್ದು

ಜೇವರ್ಗಿ ತಾಲೂಕಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಕಾರು ಓಡಿಸುವವರು ಯಾರೆಂದು ಸ್ಪರ್ಧೆ ಇಟ್ಟರೆ, ನೆಲೋಗಿಯ ನನ್ನ ಸೋದರಮಾವ ಕಣ್ಣು ಮುಚ್ಚಿಕೊಂಡು ಮೊದಲ ಬಹುಮಾನ ಗೆಲ್ಲುತ್ತಾರೆ. ಬಹುಮಾನ ತೆಗೆದುಕೊಳ್ಳಲು ಮಾತ್ರ ಮರುದಿನ ಬರುತ್ತಾರೆ! ಇಂಥ ಮನುಷ್ಯ ತನ್ನ ಹಳೆಯ ಬಿಳಿ ಕಾರನ್ನು ಹಡಗಿಗೆ ಹಾಕಿಸಿ ಜರ್ಮನಿಗೆ ಒಯ್ದು, ಪಳಗಿದ ಡ್ರೈವರುಗಳೇ ಹೆದರುವ ಒಂದು ರೇಸ್ ಟ್ರ್ಯಾಕಿನ ಮೇಲೆ ಓಡಿಸಿದರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಪಕ್ಕದ ಸೀಟಿನಲ್ಲೇ ಕುಳಿತಿದ್ದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಮಾವನ ನಿಧಾನಕ್ಕೆ ನಮ್ಮ ರಸ್ತೆಗಳು ಅರ್ಧ ಕಾರಣ. ಉಳಿದರ್ಧ ಕಾರಣ ರಸ್ತೆ ಬದಿಯಲ್ಲಿ ನಿಂತವರು. ಯಾರು ಕೈ ಮಾಡಿದರೂ ಮಾವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಸಂತೆಗೆ ಹೊರಟವರು, ಅಂದೋಲಾ ಮಠಕ್ಕೆ ಹೊರಟವರು, ಬಸ್ಸು ತಪ್ಪಿಸಿಕೊಂಡ ಮಾಸ್ತರರು, ಎಲ್ಲರಿಗೂ ಅದು ತಮ್ಮದೇ ಗಾಡಿ. ಪಾಪ, ಅತ್ತೆ ಕಾರು ಕೊಂಡಾಗಿನಿಂದ ಅದರಲ್ಲಿ ಕೈಕಾಲು ಚಾಚಿ ಕುಳಿತವರೇ ಅಲ್ಲ. ಸದಾ ಹಿಂದಿನ ಸೀಟಿನ ಮೂಲೆಯಲ್ಲಿ, ತೊಡೆಯ ಮೇಲೆ ಯಾರದೋ ಗಂಟು!

ಒಮ್ಮೆ ಆಳಂದ ತಾಲೂಕಿನ ಮಟಕಿಯಲ್ಲಿ ಬೀಗರ ಮೊಮ್ಮಗಳ ತೊಟ್ಟಿಲು ಕಾರ್ಯಕ್ರಮ. ಬೆಳಿಗ್ಗೆ ಏಳಕ್ಕೇ ಹೊರಟೆವು. ಕಲಬುರಗಿ ದಾಟುವ ಮೊದಲೇ ಆಡಿನ ಮರಿ ಹಿಡಿದ ಒಬ್ಬ ಅಜ್ಜಿ ಕೈ ಮಾಡಿದಳು. ಹತ್ತಿ ಕುಳಿತ ಮೇಲೆ ಗೊತ್ತಾಯಿತು, ಆಕೆ ಹೋಗಬೇಕಾದದ್ದು ಅಫಜಲಪುರಕ್ಕೆ.

"ಅಫಜಲಪುರ ಈ ಕಡಿ ಇಲ್ಲಲ್ರಿ!" ಎಂದರು ಅತ್ತೆ.

"ಹತ್ತಿಸ್ಕೊಂಡ ಮ್ಯಾಲ ಇಳಸಾಕ ಬರ್ತದೇನು?" ಎಂದರು ಮಾವ. ಸ್ಟೇರಿಂಗ್ ಆಗಲೇ ತಿರುಗಿತ್ತು.

ನಾವು ಮಟಕಿ ತಲುಪಿದಾಗ ಹೋಳಿಗೆ ಮುಗಿದಿತ್ತು, ಪೆಂಡಾಲು ಬಿಚ್ಚುತ್ತಿದ್ದರು, ತೊಟ್ಟಿಲಲ್ಲಿದ್ದ ಕೂಸು ನಿದ್ದೆ ಮಾಡಿ ಎದ್ದಿತ್ತು. ಅತ್ತೆ ಮೂರು ದಿನ ಮಾವನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ಬಾಯಿ ತೆಗೆದು ಕೇಳಿದ್ದು, "ಆ ಮುದುಕಿ ಮನಿ ಮುಟ್ಟಿದಳೋ ಇಲ್ಲೋ?" ಎಂದು.

ಇನ್ನು ಜರ್ಮನಿಯ ವಿಷಯ. ಕಾರಿಗೆ ಹದಿನೈದು ವರ್ಷ ತುಂಬುತ್ತ ಬಂದಿತ್ತು. ಮಾವನ ದಾಲ್ ಮಿಲ್ಲಿನ ಉಸ್ತುವಾರಿ ಹೊತ್ತ ಅವರ ಮಗಳು ಹೊಸ ಗಾಡಿ ಬುಕ್ ಮಾಡಿ, ಹಳೆಯದನ್ನು ಗುಜರಿಗೆ ಹಾಕೋಣ ಎಂದಳು. ಅಂದಿನಿಂದ ಮಾವ ಊಟ ಬಿಟ್ಟರು. ಸಮಾಧಾನ ಹೇಳಲು ಹೋದ ನನ್ನನ್ನು ಕಾರಿನೊಳಗೆ ಕೂರಿಸಿಕೊಂಡು ಸ್ಪೀಡ್ ಮೀಟರ್ ತೋರಿಸಿದರು.

"ಅಳಿಯಾ, ಇಲ್ಲಿ ಎಷ್ಟರ ತನಕ ಬರದಾರ ನೋಡು."

"ನೂರಾ ಅರವತ್ತು, ಮಾವಾ."

"ನಾ ಐವತ್ತು ದಾಟಿಸಿಲ್ಲ. ಕಾರ ಹುಣ್ಣಿಮಿಗೆ ಎತ್ತಿನ ಮೈ ತೊಳದು, ಕೋಡಿಗೆ ಬಣ್ಣ ಹಚ್ಚಿ, ಊರ ಮುಂದ ಓಡಸ್ತೇವಿ. ವರ್ಷಕ್ಕ ಒಂದ್ಸಲನಾದ್ರೂ ಮನಸಾರೆ ಓಡಲಿ ಅಂತ. ಹದಿನೈದು ವರ್ಷ ದುಡಿದ ಇದಕ್ಕ ಒಂದ್ಸಲನೂ ಓಡಸ್ದ ಗುಜರಿಗೆ ಹಾಕಿದ್ರ ಪಾಪ ಸುತ್ಕೊಳ್ಳಂಗಿಲ್ಲೇನು?"

ಟಿಕೆಟ್ ತೆಗೆಸಿದರೆ ಯಾರು ಬೇಕಾದರೂ ತಮ್ಮ ಸ್ವಂತ ಗಾಡಿ ಓಡಿಸಬಹುದಾದ ಟ್ರ್ಯಾಕೊಂದು ಜರ್ಮನಿಯಲ್ಲಿದೆ ಎಂದು ಮಾವ ಮೊಬೈಲಿನಲ್ಲಿ ನೋಡಿಟ್ಟಿದ್ದರು. ಇಪ್ಪತ್ತು ಕಿಲೋಮೀಟರಿನ ಸುತ್ತು. ಕೊನೆಯಲ್ಲಿ ನೇರವಾದ ಉದ್ದನೆಯ ದಾರಿ. ಅಲ್ಲಿ ನೂರಾ ಅರವತ್ತು ಮುಟ್ಟಿಸಬೇಕು, ಒಂದೇ ಒಂದು ಸಲ. ಆಮೇಲೆ ಗಾಡಿ ಗುಜರಿಗೆ ಹೋದರೂ ಸರಿ. ಕಾಗದಪತ್ರಕ್ಕೇ ಎಂಟು ತಿಂಗಳು ಹಿಡಿಯಿತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ತಪ್ಪಿಗೆ ನಾನೂ ಜೊತೆಗೆ ಹೊರಡಬೇಕಾಯಿತು. ಮಾವನನ್ನು ಒಬ್ಬರನ್ನೇ ಕಳಿಸಲಾರೆ ಎಂದು ಅತ್ತೆಯೂ ಹೊರಟರು.

ಮುಂಬೈ ಬಂದರಿನಲ್ಲಿ ಗುಮಾಸ್ತನೊಬ್ಬ ಕಾರಿನ ಸುತ್ತ ಎರಡು ಸಲ ತಿರುಗಿ, "ಇಷ್ಟು ಹಳೆಯ ಗಾಡಿ ಅಲ್ಲಿಗೇಕೆ?" ಎಂದು ಕೇಳಿದ. ಆತ ಕೇಳಿದ್ದನ್ನು ನಾನು ಮಾವನಿಗೆ ಕನ್ನಡದಲ್ಲಿ ತಿಳಿಸಿದೆ. ಮಾವನಿಗೆ ಸಿಟ್ಟು ಬಂತು. "ಹಳೇದ್ಯಾಕ? ಇನ್ನಾ ಓಡೇ ಇಲ್ಲಂತ ಹೇಳು ಅವಂಗ!"

ಅಂತೂ ಜರ್ಮನಿಯಲ್ಲಿ ಆ ದಿನ ಬಂತು. ಟ್ರ್ಯಾಕಿನ ಬಾಗಿಲ ಮುಂದೆ ಕೆಂಪು, ಹಳದಿ, ಹಸಿರು ಗಾಡಿಗಳು ನೆಲಕ್ಕಂಟಿಕೊಂಡು ಗುರುಗುಡುತ್ತಿದ್ದವು. ನಡುವೆ ನಮ್ಮದು ಸಾಲಿಯ ಹುಡುಗರ ನಡುವೆ ಹೆಡ್ ಮಾಸ್ತರರು ನಿಂತಂತೆ ನಿಂತಿತ್ತು. ಮಾವ ಬಾನೆಟ್ಟಿಗೆ ವಿಭೂತಿ ಬಳಿದು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಬಂಪರಿನ ಎರಡು ತುದಿಗೆ ಕೋಡಿಗೆ ಹಚ್ಚುವ ಹಾಗೆ ಕೆಂಪು ಬಣ್ಣ ಹಚ್ಚಿದರು. ಅಲ್ಲಿನ ಅಧಿಕಾರಿ ಇದೇನೆಂದು ವಿಚಾರಿಸಿದ. ನಮ್ಮ ಕಡೆ ವಾಹನ ತಪಾಸಣೆ ಹೀಗೇ ಆಗುತ್ತದೆ ಎಂದುಬಿಟ್ಟೆ. ಆತ ಗೌರವದಿಂದ ತಲೆದೂಗಿದ!

ಒಳಗೆ ಹೋದೆವು. ಪಕ್ಕದಲ್ಲಿ ಗಾಡಿಗಳು ಹಾದುಹೋಗುವುದು ಕಾಣುತ್ತಲೇ ಇರಲಿಲ್ಲ, ಬರೀ ಸದ್ದು ಕೇಳುತ್ತಿತ್ತು. ಮಾವ ಒಂದು ಬದಿಗೆ ಹಿಡಿದು, ಅರವತ್ತು, ಎಪ್ಪತ್ತು, ತೊಂಬತ್ತು ಎಂದು ಏರಿಸಿದರು. ಅತ್ತೆ ಕೊರಳಿನ ಲಿಂಗ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ್ದರು.

"ಮುಳ್ಳು ಎಲ್ಲಿ ಅದ, ಅಳಿಯಾ?"

"ನೂರಾ ಹತ್ತು, ಮಾವಾ!"

ಮಾವನ ಮುಖದಲ್ಲಿ ಅಂಥ ಸಂತೋಷ ನಾನು ಮಗಳ ಮದುವೆಯಲ್ಲೂ ಕಂಡಿರಲಿಲ್ಲ. ಗಾಡಿ ನಡುಗುತ್ತಿತ್ತು, ನಾನೂ ನಡುಗುತ್ತಿದ್ದೆ. "ಇನ್ನೊಂದ ತಿರುವು, ಆಮ್ಯಾಲ ನೆಟ್ಟಗಿನ ದಾರಿ. ಓಡು ನನ್ನಪ್ಪಾ!" ಎಂದು ಮಾವ ಸ್ಟೇರಿಂಗ್ ಸವರಿದರು.

ಆ ತಿರುವಿನಲ್ಲಿ ಒಬ್ಬ ನಿಂತಿದ್ದ. ಕೈಯಲ್ಲಿ ಹಳದಿ ಬಾವುಟ. ಜೋರಾಗಿ ಬೀಸುತ್ತಿದ್ದ.

ಮುಂದೆ ಗಾಡಿಯೊಂದು ಕೆಟ್ಟಿದೆ, ನಿಧಾನವಾಗಿ ದಾಟಿ ಹೋಗಿ, ನಿಲ್ಲಬೇಡಿ ಎಂದು ಅದರ ಅರ್ಥ. ಆದರೆ ಮಾವನಿಗೆ ಕಂಡದ್ದು ಬಾವುಟವಲ್ಲ, ಕೈ! ನಾನು "ಮಾವಾ, ಬ್ಯಾಡ..." ಎನ್ನುವುದರೊಳಗೆ ಗಾಡಿ ಅವನ ಮುಂದೆ ನಿಂತಿತು. ಮಾವ ನನ್ನ ಕಡೆಯ ಗಾಜು ಇಳಿಸಿ, ಬಾಗಿ, "ಬರ್ರಿ ಸಾಹೇಬ್ರ, ಎಲ್ಲಿ ತನಕ?" ಎಂದರು. ತಿರುಗಿ ನೋಡುತ್ತೇನೆ, ಅತ್ತೆ ಕಣ್ಣು ಮುಚ್ಚಿಕೊಂಡೇ ಮೂಲೆಗೆ ಸರಿದು ಜಾಗ ಮಾಡಿದ್ದಾರೆ!

ಆ ಮನುಷ್ಯನ ಮುಖ ಬಾವುಟಕ್ಕಿಂತ ಹಳದಿಯಾಯಿತು. ಕೂಗಿದ, ಕೈ ಮುಗಿದ, ಮತ್ತೆ ಕೂಗಿದ. ಎರಡು ನಿಮಿಷದಲ್ಲಿ ಅವರ ಗಾಡಿಯೊಂದು ಬಂದು ನಮ್ಮನ್ನು ಹಿಂದೆ ಹಾಕಿಕೊಂಡು, ಗಂಟೆಗೆ ಮೂವತ್ತರ ವೇಗದಲ್ಲಿ ಆ ನೇರ ದಾರಿಯನ್ನು ಪೂರ್ತಿ ದಾಟಿಸಿ ಹೊರಗೆ ಬಿಟ್ಟಿತು. ಟ್ರ್ಯಾಕಿನ ಮೇಲೆ ನಿಲ್ಲಿಸುವುದು ಜೀವಕ್ಕೇ ಅಪಾಯ, ನಿಮಗೆ ಮತ್ತೆ ಪ್ರವೇಶವಿಲ್ಲ ಎಂದು ಅಧಿಕಾರಿ ಖಡಾಖಂಡಿತವಾಗಿ ಹೇಳಿದ. ಆತ ಹೇಳಿದ್ದು ಸರಿಯೇ ಆಗಿತ್ತು. ಆ ಮಾತನ್ನು ಮಾವನಿಗೆ ಕನ್ನಡದಲ್ಲಿ ಹೇಳಬೇಕಾದವನು ನಾನು.

ಮಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಾರಿನ ಮುಂದಿನ ಗಾಲಿಯ ಪಕ್ಕ ನೆಲದ ಮೇಲೇ ಕುಳಿತು ಬಂಪರಿನ ಮೇಲೆ ಕೈ ಇಟ್ಟರು. "ಓಡಸ್ತೇನಂತ ಇಷ್ಟು ದೂರ ಕರ್ಕೊಂಡ ಬಂದು ನಾನಾ ನಿಲ್ಲಿಸಿಬಿಟ್ಟೆನಲ್ಲೋ," ಎಂದರು. ಅವರು ಹಾಗೆ ಕುಳಿತದ್ದನ್ನು ನೋಡಲಾರದೆ ನಾನು ಬೇರೆ ಕಡೆ ಮುಖ ತಿರುಗಿಸಿದೆ. ನಗುವುದು ನನ್ನಿಂದ ಸಾಧ್ಯವೇ ಇರಲಿಲ್ಲ.

ಇನ್ನು ಅತ್ತೆಯ ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ಅತ್ತೆ ಸೆರಗು ಸಾವರಿಸಿಕೊಂಡು ಮಾವನ ಪಕ್ಕದಲ್ಲೇ ಕುಳಿತರು.

"ಅವ ಕೈ ಮಾಡಿದಾಗ ನಿಲ್ಲದಾ ಹೋಗಿದ್ರ ಗಾಡಿ ನೂರಾ ಅರವತ್ತು ಓಡಿರ್ತಿತ್ರಿ, ಖರೇ. ಆದ್ರ ಅದನ್ನ ಓಡಸಾಂವ ನನ್ನ ಗಂಡ ಆಗಿರ್ತಿದ್ದಿಲ್ಲ."