ವೃಷಭೇಂದ್ರಪ್ಪನವರ ಕೆರೆ ಏರಿಯ ಓಟ

ವೃಷಭೇಂದ್ರಪ್ಪನವರಿಗೆ ಓಡುವ ಹುಚ್ಚು ಹತ್ತಿಸಿದ್ದು ಮಗಳು ಶೃತಿ ಮೊಬೈಲಿಗೆ ಕಳಿಸಿದ ಒಂದು ವೀಡಿಯೊ. ಯಾವುದೋ ದೇಶದ ಮುದುಕನೊಬ್ಬ ಮೊದಲು ಸಮುದ್ರದ ದಂಡೆಯಲ್ಲಿ, ಆಮೇಲೆ ಕಾಡಿನ ನೆರಳಿನಲ್ಲಿ, ಕೊನೆಗೆ ಹೂ ತುಂಬಿದ ಪಾರ್ಕಿನಲ್ಲಿ ಜಿಂಕೆಯ ಹಾಗೆ ಓಡುತ್ತಿದ್ದ. ಸುಂದರವಾದ ಜಾಗದಲ್ಲಿ ಓಡುವವರಿಗೆ ಆಯಾಸವೇ ಗೊತ್ತಾಗುವುದಿಲ್ಲ ಎಂದು ಅದರಲ್ಲಿ ಹೇಳಿದ್ದರು. ಮೈಸೂರಿಗೆ ಮದುವೆಯಾಗಿ ಹೋಗಿದ್ದ ಶೃತಿ, ಅಪ್ಪ ನೆಪ ಹೇಳದಿರಲಿ ಅಂತ, ಓಡುವ ಬೂಟನ್ನೂ ಕೊರಿಯರಿನಲ್ಲಿ ಕಳಿಸಿಬಿಟ್ಟಳು. ಅದರ ಬಣ್ಣ ಪೊಲೀಸರು ರಸ್ತೆಗೆ ಅಡ್ಡ ಇಡುವ ಬ್ಯಾರಿಕೇಡಿನ ಹಾಗೆ ದೂರದಿಂದಲೇ ಹೊಳೆಯುತ್ತಿತ್ತು.

ಕೊಳ್ಳೇಗಾಲದ ಪೇಟೆಯಲ್ಲಿ ವೃಷಭೇಂದ್ರಪ್ಪನವರದು ರೇಷ್ಮೆ ಸೀರೆ ಅಂಗಡಿ. ಗಾದಿಯ ಮೇಲೆ ಕೂತು, ಸೀರೆ ಬಿಚ್ಚಿ, ಮಡಚಿ, ಮತ್ತೆ ಕೂತು ಅವರ ಹೊಟ್ಟೆ ಗಾದಿಯ ಪಕ್ಕದ ದಿಂಬಿನಷ್ಟೇ ದುಂಡಗಾಗಿತ್ತು. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ದಿನಾ ಬೆವರು ಸುರಿಸಿ ಎಂದು ಡಾಕ್ಟರು ಹೇಳಿದ್ದರು. ಆದರೆ ಕೊಳ್ಳೇಗಾಲದಲ್ಲಿ ಅವರ ವಯಸ್ಸಿನ ಗಂಡಸು ಓಡುವುದು ಸುಲಭದ ಮಾತಲ್ಲ. ಬೂಟು ಹಾಕಿಕೊಂಡು ಬೀದಿಗಿಳಿದ ಮೊದಲ ದಿನವೇ ಎದುರುಮನೆಯವರು ಯಾರು ತೀರಿಕೊಂಡರೆಂದು ಕೇಳಿದರು. ತಿರುವಿನಲ್ಲಿ ಪರಿಚಯದವರೊಬ್ಬರು ಸ್ಕೂಟರ್ ನಿಲ್ಲಿಸಿ, ಬೇಡ ಬೇಡ ಎಂದರೂ ಕೇಳದೆ, ಅವರನ್ನು ಹತ್ತಿಸಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರು. ಅಷ್ಟು ಪ್ರೀತಿಯಿಂದ ಕರೆದುಕೊಂಡು ಬಂದವರ ಎದುರಿಗೆ ವಾಪಸು ಹೋಗಲು ಸಂಕೋಚವಾಗಿ, ಅವರು ಚೀಟಿ ಮಾಡಿಸಿ ಬಿಪಿ ನೋಡಿಸಿಕೊಂಡೇ ಬಂದರು.

ಕೊಳ್ಳೇಗಾಲಕ್ಕೆ ಸಮುದ್ರ ತರುವುದಂತೂ ಸಾಧ್ಯವಿರಲಿಲ್ಲ. ಆಗ ಅವರಿಗೆ ನೆನಪಾದದ್ದು ಯಳಂದೂರು ಕಡೆಯ ಕೆರೆಹುಂಡಿ. ಹಿಂದೊಮ್ಮೆ ಮದುವೆ ಸೀರೆ ತಲುಪಿಸಲು ಅಲ್ಲಿಗೆ ಹೋಗಿದ್ದರು. ಅಗರ ಗ್ರಾಮ ದಾಟಿ ಒಳಕ್ಕೆ ಹೋದರೆ ಸಿಗುವ ಸಣ್ಣ ಊರು. ಕೆರೆಯ ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ, ಅದರಾಚೆ ಕಬ್ಬು, ದೂರದಲ್ಲಿ ನೀಲಿಯಾಗಿ ಬಿಳಿಗಿರಿರಂಗನ ಬೆಟ್ಟ. ಸಮುದ್ರ, ಕಾಡು, ಪಾರ್ಕು ಮೂರೂ ಒಂದೇ ಕಡೆ. ಎಲ್ಲಕ್ಕಿಂತ ಹೆಚ್ಚಾಗಿ, ಸೀರೆ ಕೊಂಡ ಮನೆಯವರು ಊರು ಬಿಟ್ಟ ಮೇಲೆ ಅಲ್ಲಿ ಅವರನ್ನು ಬಲ್ಲವರು ಒಬ್ಬರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಸುವರ್ಣಮ್ಮನಿಗೆ ಹೇಳಿ ಬಸ್ಸು ಹತ್ತಿದರು. ಓಡುವುದಕ್ಕೆ ಬಸ್ಸಿನಲ್ಲಿ ಹೋಗುವವರನ್ನು ಈ ಜನ್ಮದಲ್ಲಿ ಕಂಡಿರಲಿಲ್ಲ ಎಂದು ಆಕೆ ಬಾಗಿಲ ತನಕ ಬಂದು ಹೇಳಿದಳು.

ಕೆರೆಹುಂಡಿಯ ಏರಿ ಅವರು ನೆನೆದದ್ದಕ್ಕಿಂತಲೂ ಚೆಂದವಾಗಿತ್ತು. ನೀರಿನ ಮೇಲಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಬೆಳ್ಳಕ್ಕಿಗಳು ತೂಬಿನ ಬಳಿ ಸಾಲಾಗಿ ನಿಂತಿದ್ದವು. ವೃಷಭೇಂದ್ರಪ್ಪನವರು ಬೆಟ್ಟದ ಕಡೆಗೆ ಕೈಮುಗಿದು, ಬೂಟಿನ ದಾರ ಬಿಗಿದು ಓಡತೊಡಗಿದರು. ಏರಿಯ ಅರ್ಧ ಮುಟ್ಟುವ ಹೊತ್ತಿಗೆ, ಆಯಾಸವೇ ಆಗುವುದಿಲ್ಲ ಎಂಬ ಮಾತು ಆ ದೇಶದ ಮುದುಕರಿಗೆ ಮಾತ್ರ ಎಂದು ಗೊತ್ತಾಯಿತು. ಬಾಯಿ ತೆರೆದುಕೊಂಡಿತು. ಉಸಿರು ಹಳೇ ಲಾರಿಯ ಹಾಗೆ ಸದ್ದು ಮಾಡುತ್ತಿತ್ತು.

ಕೆಳಗೆ ಗದ್ದೆಯಲ್ಲಿ ಹೆಂಗಸರು ಕುಡುಗೋಲು ಹಿಡಿದು ಕಳೆ ಕೀಳುತ್ತಿದ್ದರು. ಅವರಲ್ಲಿ ಹಿರಿಯಳಾದ ಗೋವಿಂದಮ್ಮ ಸೊಂಟ ನೆಟ್ಟಗೆ ಮಾಡಿ ಕೇಳಿದಳು.

"ಯಾಕಪ್ಪಾ ಇಂಗೆ ಓಡ್ತಾ ಇದ್ದೀಯೆ?"

ಆರೋಗ್ಯಕ್ಕೆ ಎನ್ನಬೇಕೆಂದು ವೃಷಭೇಂದ್ರಪ್ಪನವರು ಬಾಯಿ ಬಿಟ್ಟರು. "ಆ... ಆ..." ಎಂಬುದಷ್ಟೇ ಹೊರಬಂತು. ಮುಂದಿನ ಅಕ್ಷರಕ್ಕೆ ಉಸಿರು ಸಾಲಲಿಲ್ಲ. ಏರಿಯ ಆ ತುದಿಯಿಂದ ಓಡಿಕೊಂಡು ಬಂದೆ ಎಂದು ತಿಳಿಸಲು ಹಿಂದಕ್ಕೆ, ಕಬ್ಬಿನ ಗದ್ದೆಯ ಕಡೆಗೆ ಕೈ ತೋರಿಸಿದರು.

ಆ ಸೀಮೆಯಲ್ಲಿ ಬೆಳಗಿನ ಹೊತ್ತು ಓಡಿ ಬಂದವನೊಬ್ಬ ಕಬ್ಬಿನ ಕಡೆ ಕೈ ತೋರಿಸಿ 'ಆ' ಎಂದರೆ ಅದಕ್ಕೆ ಒಂದೇ ಅರ್ಥ. ಗೋವಿಂದಮ್ಮ ಕಿತ್ತ ಕಳೆಯನ್ನು ಅಲ್ಲೇ ಎಸೆದಳು. "ಆನೆ ಕಣ್ರವ್ವಾ" ಎಂದವಳೇ ಸೀರೆ ಎತ್ತಿ ಕಟ್ಟಿ ಏರಿ ಹತ್ತಿದಳು. ಬುತ್ತಿಯ ಗಂಟುಗಳನ್ನು ಬದುವಿನ ಮೇಲೇ ಬಿಟ್ಟು ಮಿಕ್ಕವರೂ ಅವಳ ಹಿಂದೆ ಬಂದರು.

ವೃಷಭೇಂದ್ರಪ್ಪನವರಿಗೆ ಹಿಂದಿನಿಂದ ಸದ್ದು ಕೇಳಿಸಿತು. ತಿರುಗಿ ನೋಡಿದರೆ, ಕುಡುಗೋಲು ಹಿಡಿದ ಹೆಂಗಸರ ದಂಡೊಂದು ತಮ್ಮನ್ನು ಬೆನ್ನಟ್ಟಿ ಬರುತ್ತಿದೆ. ತಾನು ಹೆಣ್ಣುಮಕ್ಕಳಿಗೆ ಏನು ಕೈಸನ್ನೆ ಮಾಡಿಬಿಟ್ಟೆನೋ ಎಂದು ಅವರ ಎದೆ ಧಸಕ್ಕೆಂದಿತು. ಇಷ್ಟು ಹೊತ್ತು ಡಾಕ್ಟರಿಗಾಗಿ ಓಡುತ್ತಿದ್ದವರು ಈಗ ಪ್ರಾಣಕ್ಕಾಗಿ ಓಡಿದರು. ಅವರ ವೇಗ ನೋಡಿ, ಆನೆ ತೀರಾ ಹತ್ತಿರವೇ ಇರಬೇಕೆಂದುಕೊಂಡ ಹೆಂಗಸರೂ ವೇಗ ಹೆಚ್ಚಿಸಿದರು. ಹೆಂಗಸರು ವೇಗ ಹೆಚ್ಚಿಸಿದ್ದು ಕಂಡು ಅವರು ಇನ್ನೂ ಜೋರಾಗಿ ಓಡಿದರು. ಹೀಗೆ ಒಬ್ಬರನ್ನೊಬ್ಬರು ಹೆದರಿಸಿಕೊಂಡು ಎಲ್ಲರೂ ಊರು ಸೇರಿದರು.

ಊರಿನ ಬಾಗಿಲಲ್ಲಿ ಟೀ ಅಂಗಡಿ ಇಟ್ಟಿದ್ದ ಕೆಂಚಯ್ಯ ಈ ಮೆರವಣಿಗೆಯನ್ನು ಕಂಡವನೇ ಏನೂ ಕೇಳದೆ, ವೃಷಭೇಂದ್ರಪ್ಪನವರ ತೋಳು ಹಿಡಿದೆಳೆದು, ಅಂಗಡಿಯ ಪಕ್ಕದ ಏಣಿಯಿಂದ ತಾರಸಿಗೆ ಹತ್ತಿಸಿದ. ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು. ದನಗಳನ್ನು ಒಳಕ್ಕೆ ಎಳೆದರು. ದೇವಸ್ಥಾನದ ಮೈಕಿನಲ್ಲಿ ಯಾರೂ ಹೊರಗೆ ಬರಕೂಡದೆಂದು ಕೂಗಿದರು. ತಾರಸಿಯ ಮೇಲೆ ಕೆಂಚಯ್ಯ ಕೊಟ್ಟ ನೀರು ಕುಡಿದು ಉಸಿರು ಸುಧಾರಿಸಿಕೊಂಡ ಮೇಲಷ್ಟೇ ವೃಷಭೇಂದ್ರಪ್ಪನವರಿಗೆ ಆನೆಯ ವಿಷಯ ಗೊತ್ತಾಯಿತು.

ಸುಳ್ಳು ಹೇಳುವ ಅಭ್ಯಾಸ ಅವರಿಗೆ ಸೀರೆ ಬಣ್ಣದ ವಿಷಯದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಊರ ಯಜಮಾನ ದೊಡ್ಡಮಾದಪ್ಪ ಮೇಲಕ್ಕೆ ಹತ್ತಿ ಬಂದು, ಆನೆ ಎಷ್ಟು, ಮರಿ ಇದೆಯಾ ಎಂದು ವಿಚಾರಿಸಿದಾಗ ತಲೆ ತಗ್ಗಿಸಿ ನಿಜ ಹೇಳಿಬಿಟ್ಟರು. ತಾವು ಯಾವ ಆನೆಯನ್ನೂ ಕಂಡಿಲ್ಲ, ಕೊಳ್ಳೇಗಾಲದಿಂದ ಬಂದು ಸುಮ್ಮನೆ ಆರೋಗ್ಯಕ್ಕೆ ಓಡುತ್ತಿದ್ದುದು ಎಂದರು.

ದೊಡ್ಡಮಾದಪ್ಪ ಅವರ ಹೊಳೆಯುವ ಬೂಟನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ನೋಡಿದ.

"ಆರೋಗ್ಯಕ್ಕಾ?" ಎಂದ ದೊಡ್ಡಮಾದಪ್ಪ. "ಕೊಳ್ಳೇಗಾಲದಿಂದ ಬಸ್ ಚಾರ್ಜ್ ಕೊಟ್ಕಂಡು ಬಂದು, ನಮ್ ಕೆರೆ ಏರಿ ಮ್ಯಾಲೆ ಆರೋಗ್ಯಕ್ಕೆ ಓಡುದ್ರಾ?"

ಕೆಳಗೆ ಸುದ್ದಿ ಹಬ್ಬಿತು. ಒಬ್ಬಳ ಹಾಲು ಚೆಲ್ಲಿತ್ತು, ಇನ್ನೊಬ್ಬನ ಕುರಿಗಳು ಗಾಬರಿಯಿಂದ ಯಾರದೋ ಅಡುಗೆಮನೆಗೆ ನುಗ್ಗಿದ್ದವು. ಎಲ್ಲರೂ ಏಣಿಯ ಬುಡದಲ್ಲಿ ಸೇರಿದರು. ಗೋವಿಂದಮ್ಮ ನ್ಯಾಯ ಹೇಳಿದಳು. ಅರ್ಧ ದಿನದ ಕೆಲಸ ಕೆಟ್ಟಿದೆ, ಓಡುವಷ್ಟು ತಾಕತ್ತಿರುವ ಈ ಮನುಷ್ಯ ತಮ್ಮ ಜೊತೆ ಬಂದು ಸಂಜೆಯ ತನಕ ಕಳೆ ಕೀಳಲಿ, ಬೆವರು ಬೇಕೆಂದರೆ ಅಲ್ಲಿ ಬೇಕಾದಷ್ಟು ಸಿಗುತ್ತದೆ. ವೃಷಭೇಂದ್ರಪ್ಪನವರಿಗೂ ಅದು ನ್ಯಾಯವೆನ್ನಿಸಿತು. ಹೊಳೆಯುವ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

ಆಗ ಕೆಂಚಯ್ಯ ಅವರ ಅಂಗಿ ಹಿಡಿದು ನಿಲ್ಲಿಸಿದ. ಅವನ ಕಣ್ಣು ಗದ್ದೆಯ ಕಡೆ ನೆಟ್ಟಿತ್ತು.

ಕಬ್ಬು ಅಲ್ಲಾಡಿತು. ಗಾಳಿ ಇರಲಿಲ್ಲ. ಮೊದಲು ಕೊಂಬು, ಆಮೇಲೆ ತಲೆ, ಆಮೇಲೆ ಮನೆಯಷ್ಟು ದೊಡ್ಡ ಮೈ ಹೊರಗೆ ಬಂತು. ಒಂಟಿ ಸಲಗ. ನಿಧಾನವಾಗಿ ಭತ್ತದ ಗದ್ದೆಗೆ ಇಳಿದು, ಹೆಂಗಸರು ಸಾಲಾಗಿ ಬಗ್ಗಿದ್ದ ಜಾಗದಲ್ಲೇ ನಡೆದುಕೊಂಡು ಹೋಗಿ, ಬದುವಿನ ಮೇಲಿದ್ದ ಬುತ್ತಿಗಳನ್ನು ಒಂದೊಂದಾಗಿ ಬಿಚ್ಚಿ ಮುದ್ದೆ ತಿಂದಿತು. ಖಾಲಿ ಪಾತ್ರೆಗಳ ಮೇಲೆ ಅದು ಕಾಲಿಟ್ಟ ಸದ್ದು ತಾರಸಿಯ ತನಕ ಕೇಳಿಸಿತು.

ಕೆಳಗಿನಿಂದಲೇ ಅದನ್ನು ಕಂಡ ಗೋವಿಂದಮ್ಮ ಏಣಿ ಹತ್ತಿ ಬಂದು, ವೃಷಭೇಂದ್ರಪ್ಪನವರ ಎರಡೂ ಕೈ ಹಿಡಿದುಕೊಂಡಳು. "ನನ್ನ ಸೊಸೆ ಬಸುರಿ ಕಣಪ್ಪಾ, ನನ್ನ ಪಕ್ಕದಲ್ಲೇ ಬಗ್ಗಿದ್ಲು" ಎಂದಳು.

ಅರಣ್ಯ ಇಲಾಖೆಯವರು ಬಂದು, ಪಟಾಕಿ ಹೊಡೆದು, ಸಲಗವನ್ನು ಬೆಟ್ಟದ ಕಡೆಗೆ ಅಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ವೃಷಭೇಂದ್ರಪ್ಪನವರು ಮತ್ತೆ ಮತ್ತೆ ನಿಜ ಹೇಳಿದರು. ತಾವು ಆನೆ ಕಂಡಿಲ್ಲ, ತಮ್ಮದು ಏನೂ ಇಲ್ಲ, ಎಲ್ಲಾ ಆ ದೇವರ ದಯೆ ಎಂದರು. ಆದರೆ ಈಗ ಯಾರೂ ನಂಬಲು ತಯಾರಿರಲಿಲ್ಲ. ದೊಡ್ಡವರು ತಾವು ಮಾಡಿದ್ದನ್ನು ಹೇಳಿಕೊಳ್ಳುವುದಿಲ್ಲ ಎಂದು ದೊಡ್ಡಮಾದಪ್ಪ ಎಲ್ಲರಿಗೂ ವಿವರಿಸಿದ. ಅವರು ಅಲ್ಲಗಳೆದಷ್ಟೂ ಅವರ ದೊಡ್ಡತನ ಬೆಳೆಯುತ್ತಾ ಹೋಯಿತು. ಬೆಳಿಗ್ಗೆ ಹಾಲು ಚೆಲ್ಲಿದವಳೇ ಒಂದು ಲೋಟ ಹಾಲು ಕಾಯಿಸಿ ತಂದಳು. ಯಾರೋ ಹುರುಳಿಕಾಳಿನ ಸಾರು ಮಾಡಿದರು, ಯಾರೋ ಮುದ್ದೆ ಕಟ್ಟಿದರು. ಅರಳಿಕಟ್ಟೆಯ ಮೇಲೆ ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿದರು. ಗೋವಿಂದಮ್ಮನ ಸೊಸೆ ಬಂದು ಕಾಲು ಮುಟ್ಟಿದಾಗ ಅವರಿಗೆ ಏನು ಮಾಡಬೇಕೋ ತೋಚದೆ, ಹೆರಿಗೆಯಾದ ಮೇಲೆ ಅಂಗಡಿಗೆ ಬಾ ತಾಯಿ, ಬಾಣಂತಿ ಸೀರೆ ನನ್ನದು ಎಂದರು.

ವೃಷಭೇಂದ್ರಪ್ಪನವರಿಗೆ ಕಣ್ಣು ತುಂಬಿ ಬಂದಿತ್ತು. ಅಂಗಡಿಯ ಸೀರೆಯೆಲ್ಲಾ ಬಿಚ್ಚಿಸಿ ನೋಡಿ, ಆಮೇಲೆ ಬರುತ್ತೇವೆಂದು ಎದ್ದು ಹೋಗುವವರ ಮಧ್ಯೆ ಅವರ ಇಷ್ಟು ವಯಸ್ಸು ಕಳೆದಿತ್ತು. ಉಸಿರು ಸಾಲದೆ ಅರ್ಧಕ್ಕೆ ನಿಂತ ಒಂದೇ ಒಂದು ಅಕ್ಷರಕ್ಕೆ ಒಂದು ಊರು ಇಷ್ಟೊಂದು ಪ್ರೀತಿ ಕೊಡುತ್ತದೆಂದು ಯಾರು ತಿಳಿದಿದ್ದರು? ಅವರು ಎದ್ದು ನಿಂತು ಕೈಮುಗಿದರು. ಇಂಥ ಕೆರೆ, ಇಂಥ ಜನ ಎಲ್ಲೂ ಸಿಗುವುದಿಲ್ಲ, ಇನ್ನು ಮೇಲೆ ಪ್ರತಿ ಭಾನುವಾರ ನಿಮ್ಮ ಏರಿಯ ಮೇಲೇ ಓಡುತ್ತೇನೆ ಎಂದು ತುಂಬಿದ ಮನಸ್ಸಿನಿಂದ ಹೇಳಿದರು.

ಚಪ್ಪಾಳೆ ಬೀಳಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ದೊಡ್ಡಮಾದಪ್ಪ ಗಂಟಲು ಸರಿಮಾಡಿಕೊಂಡು ಹತ್ತಿರ ಬಂದ.

"ಸಾ, ತಪ್ಪು ತಿಳೀಬ್ಯಾಡಿ. ನೀವು ಬನ್ನಿ, ನಮ್ಮನೇಲೇ ಇರಿ, ಉಣ್ಣಿ. ಆದ್ರೆ ಓಡ್ಬ್ಯಾಡಿ. ನೀವು ಓಡುದ್ರೆ ಆನೆ ಬಂದದೆ ಅಂತ ಊರ್ಗೆಲ್ಲಾ ಗೊತ್ತಾಗೋಗದೆ. ನೀವು ಸುಮ್ಕೆ ಓಡುದ್ರೆ ನಾವು ಯಂಗ್ ಬದುಕದು?"

ಬೇಕಾದರೆ ಆನೆ ಬಂದ ದಿನ ಫೋನು ಮಾಡುತ್ತೇವೆ, ಆವತ್ತು ಬಂದು ಓಡಿ ಎಂದು ಕೆಂಚಯ್ಯ ಸಮಾಧಾನದ ದಾರಿಯೊಂದನ್ನು ಸೂಚಿಸಿದ. ಅವರೆಲ್ಲರ ಮುಖದಲ್ಲಿ ಅಷ್ಟೊಂದು ವಿನಯ ಇದ್ದುದರಿಂದ ವೃಷಭೇಂದ್ರಪ್ಪನವರು ಬೇಡವೆನ್ನಲಾರದೆ, ಕೆರೆಹುಂಡಿಯಲ್ಲಿ ಇನ್ನು ಓಡುವುದಿಲ್ಲವೆಂದು ಮಾತು ಕೊಟ್ಟರು.

ಸಂಜೆಯ ಕೊನೆಯ ಬಸ್ಸಿಗೆ ಅವರನ್ನು ಕಳಿಸಲು ಅರ್ಧ ಊರು ಹೊರಟಿತು. ದೊಡ್ಡಮಾದಪ್ಪ, ಕೆಂಚಯ್ಯ ಮೊದಲಾದವರು ಬಸ್ಸು ನಿಲ್ಲಿಸಿಕೊಳ್ಳಲು ಮುಂದೆ ಹೋಗಿ ನಿಂತರು. ವೃಷಭೇಂದ್ರಪ್ಪನವರು ಮನೆಮನೆಯ ಮುಂದೆ ನಿಂತು, ಊರವರು ತುಂಬಿಸಿಕೊಟ್ಟ ತರಕಾರಿ ಚೀಲ ಹೊತ್ತು, ಗೋವಿಂದಮ್ಮನ ಜೊತೆ ನಿಧಾನವಾಗಿ ಬರುತ್ತಿದ್ದರು. ದೂರದಿಂದ ನೋಡುತ್ತಾರೆ, ಬಸ್ಸು ಬಂದು ನಿಂತಿದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಡುವಂತೆ ಒಮ್ಮೆ ಜಗ್ಗಿತು.

ಕೊಟ್ಟ ಮಾತು ಮರೆತುಹೋಯಿತು. ಅವರು ಶಾಲು ಹೆಗಲಿಗೆ ಎಳೆದುಕೊಂಡು, ಕೈ ಬೀಸುತ್ತಾ ಓಡಿದರು.

ಬಸ್ಸಿನ ಬಳಿ ನಿಂತಿದ್ದವರು ತಿರುಗಿ ನೋಡಿದರು. ಒಂದು ಕ್ಷಣ ಅಷ್ಟೆ. ಕಳಿಸಲು ಬಂದವರು, ಯಳಂದೂರಿಗೆ ಹೋಗಬೇಕಾದವರು, ಸುಮ್ಮನೆ ಬೀಡಿ ಸೇದುತ್ತಾ ಕೂತಿದ್ದವರು, ಎಲ್ಲರೂ ಎರಡೂ ಬಾಗಿಲಿನಿಂದ ಬಸ್ಸಿನೊಳಗೆ ನುಗ್ಗಿದರು. ಆನೆ ಎಂಬ ಕೂಗು ಕೇಳಿದ ಡ್ರೈವರು ಹಿಂದೆ ಮುಂದೆ ನೋಡದೆ ಬಸ್ಸು ಬಿಟ್ಟ. ಕೆಂಚಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ನೀವೂ ಬೇಗ ಬಂದುಬಿಡಿ ಸಾ ಎಂದು ಕಳಕಳಿಯಿಂದ ಕರೆಯುತ್ತಲೇ ಧೂಳಿನಲ್ಲಿ ಮರೆಯಾದ.

ರಸ್ತೆಯ ಮೇಲೆ ವೃಷಭೇಂದ್ರಪ್ಪನವರೊಬ್ಬರೇ ಉಳಿದರು. ಸುವರ್ಣಮ್ಮನಿಗೆ ಫೋನು ಮಾಡಿ, ಬಸ್ಸು ತಪ್ಪಿಹೋಯಿತು, ನಾಳೆ ಬೆಳಿಗ್ಗೆ ಬರುತ್ತೇನೆ ಎಂದರು.

"ಓಡಕ್ಕೆ ಅಂತಾನೇ ಹೋಗಿದ್ರಲ್ಲ," ಎಂದಳು ಸುವರ್ಣಮ್ಮ. "ಒಸಿ ಓಡಿ ಹಿಡೀಬಾರ್ದಾಗಿತ್ತಾ?"

ಅವರು ಫೋನು ಜೇಬಿಗೆ ಹಾಕುವಷ್ಟರಲ್ಲಿ ಗೋವಿಂದಮ್ಮ ಹಿಂದಿನಿಂದ ಬಂದು ತಲುಪಿದಳು. ತರಕಾರಿ ಚೀಲ ಇಸಿದುಕೊಂಡಳು. ಸೊಸೆ ಅನ್ನಕ್ಕೆ ಇಟ್ಟಿರುತ್ತಾಳೆ, ನಮ್ಮ ಜಗಲಿಯ ಮೇಲೆ ತಣ್ಣಗೆ ಮಲಗುವಿರಂತೆ ಎಂದಳು. ಆಮೇಲೆ, ಅವರು ಮತ್ತೆ ಓಡದ ಹಾಗೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಊರೊಳಕ್ಕೆ ನಡೆಸಿಕೊಂಡು ಹೋದಳು.