ಕಿರುಬೆರಳಿಗೆ ಹೊರಳಿದ ಕಾರು

ಮೆಕ್ಯಾನಿಕ್ ಆದವನು ಮರ್ಯಾದೆ ಕಳಕೊಳ್ಳೋಕೆ ದೂರ ಹೋಗಬೇಕಿಲ್ಲ, ಅಂಥ ಗಾಡಿ ತಾನಾಗೇ ಶೆಡ್ಡಿಗೆ ಬರುತ್ತೆ. ಹಿರಿಯೂರಿನ ನನ್ನ ಶೆಡ್ಡಿಗೆ ಎಷ್ಟೋ ಬಂದಾವೆ. ಆದರೆ ಎಪ್ಪತ್ತರ ದಶಕದಲ್ಲಿ ಬಂದ ಒಂದು ಕಾರನ್ನ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳೋ ಹಂಗಾಗುತ್ತೆ.

೧. ನನಗೆ ಗೊತ್ತು ಬಿಡ್ರಿ

ನಮ್ಮೂರ ಶೇಂಗಾ ಸಾಹುಕಾರರ ಹತ್ತಿರ ಹಳೇ ಅಮೆರಿಕದ ಕಾರೊಂದಿತ್ತು. ಪೆಟ್ರೋಲು ಕುಡಿಯುತ್ತೆ ಅಂತ ಅದಕ್ಕೆ ಲಾರಿಯ ಡೀಸೆಲ್ ಇಂಜಿನ್ ಕೂರಿಸಿದ್ದರು. ಮೂತಿ ಭಾರವಾಗಿ ಸ್ಟೇರಿಂಗ್ ತಿರುಗಿಸಿ ಅವರ ರಟ್ಟೆ ಬಿದ್ದುಹೋಗುತ್ತಿತ್ತು. ಬೆಂಗಳೂರಿನ ಗುಜರಿಯಿಂದ ಪವರ್ ಸ್ಟೇರಿಂಗ್ ತಂದು, ಇದು ನಿನಗೆ ಬರುತ್ತೇನಪ್ಪ ಅಂತ ಕೇಳಿದರು. ಪಂಪು ಎಣ್ಣೆ ಒತ್ತಿ ಚಕ್ರ ತಿರುಗಿಸುತ್ತೆ ಅಂತ ಕೇಳಿದ್ದೆ ಅಷ್ಟೆ, ಕಣ್ಣಲ್ಲಿ ಕಂಡವನಲ್ಲ. ಬೊಂಬಾಯಲ್ಲಿ ಇಂಥವು ಬೇಕಾದಷ್ಟು ಮಾಡೀನಿ ಅಂದುಬಿಟ್ಟೆ. ಬೊಂಬಾಯಿ ಹಾಳಾಗಲಿ, ನಾನು ದಾವಣಗೆರೆ ದಾಟಿದವನಲ್ಲ.

೨. ನಮಸ್ಕಾರ

ಕೂರಿಸಿದ್ದಾಯ್ತು. ಈಗ ಕಿರುಬೆರಳು ತಾಗಿದರೂ ಕಾರು ಹೊರಳುತ್ತಿತ್ತು. ಸಾಹುಕಾರರಿಗೋ ದಾರೀಲಿ ಕಂಡವರಿಗೆಲ್ಲ ಕೈ ಎತ್ತಿ ನಮಸ್ಕಾರ ಹೇಳೋ ಚಾಳಿ. ಒಂದು ಕೈ ಎತ್ತಿದರೆ ಇನ್ನೊಂದು ಅಲುಗಿ, ಕಾರು ಸೀದಾ ಅವರ ಮೇಲೇ ಹೋಗುತ್ತಿತ್ತು. ಆದಿವಾಲದ ಹತ್ತಿರ ಒಬ್ಬ ಮೇಷ್ಟ್ರು ಸೈಕಲ್ ಸಮೇತ ಜಾಲಿ ಬೇಲಿಗೆ ಬಿದ್ದರು. ಮರುದಿನ ತರಚಿದ ಮೈಕೈಯಲ್ಲೇ ಶೆಡ್ಡಿಗೆ ಬಂದು ಹೇಳಿದರು:

“ಸಾಹುಕಾರ್ರಿಗೆ ಹೇಳ್ರಿ, ನಮ್ಮಿಬ್ಬರ ಪರಿಚಯ ಇಲ್ಲಿಗೆ ಸಾಕು.”

೩. ವಾಷರು

ಪಂಪಿನೊಳಗೆ ಒಂದು ಸ್ಪ್ರಿಂಗ್ ಇತ್ತು. ಅದು ಬಿಗಿಯಾದರೆ ಸ್ಟೇರಿಂಗೂ ಬಿಗಿಯಾಗುತ್ತೆ ಅಂತ ನನ್ನ ಬುದ್ಧಿ. ಅದರ ಹಿಂದೆ ಒಂದು ವಾಷರ್ ಕೊಟ್ಟೆ. ಇನ್ನೂ ಹಗುರಾಯಿತು. ಇನ್ನೊಂದು ಕೊಟ್ಟೆ, ಮತ್ತೊಂದು ಕೊಟ್ಟೆ. ಕೊನೆಗೆ ಸಾಹುಕಾರರು ಕೆಮ್ಮಿದರೆ ಕಾರು ಪಕ್ಕದ ಓಣಿಗೆ ಹೋಗುತ್ತಿತ್ತು.

ಅಷ್ಟರಲ್ಲಿ ಅವರ ಮಗಳನ್ನ ನೋಡೋಕೆ ಹೊಸದುರ್ಗದ ಕಡೆಯವರು ಬರೋದು ಗೊತ್ತಾಯಿತು. ಆ ಹುಡುಗಿಗೆ ಬಂದ ಎರಡು ಸಂಬಂಧ ಆಗಲೇ ಮುರಿದಿದ್ದವು.

“ಇದೊಂದು ಕುದುರಲಿ ಕಣಪ್ಪ,” ಅಂದರು ಸಾಹುಕಾರರು. “ಅವರನ್ನ ಕಾರ್ನಾಗೆ ಕರ್ಕಂಡು ಬಾ. ನಾನು ಹೊಡೆದ್ರೆ ದಾರೀಲಿ ಯಾರಿಗಾದ್ರೂ ಕೈ ಎತ್ತಿಬಿಡ್ತೀನಿ.”

ಈ ಕೆಲಸ ನನಗೆ ಬರೋದಿಲ್ಲ ಅಂತ ಆಗಲಾದರೂ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ನಾಚಿಕೆಗೇಡಿ ನಾನು.

೪. ಹೊಸದುರ್ಗದ ದಾರಿ

ಗಂಡಿನ ತಂದೆ ಬಿಳೀ ಜುಬ್ಬಾ ಹಾಕಿಕೊಂಡು ನನ್ನ ಪಕ್ಕ ಕೂತರು. ಹಿಂದೆ ಅವರ ಹೆಂಡತಿ, ಮಗ. ಅರ್ಧ ದಾರೀಲಿ ಕುರಿಹಿಂಡು ಎದುರಾಯಿತು. ಒಂದಿಷ್ಟು ಪಕ್ಕಕ್ಕೆ ತೆಗೆಯೋಣ ಅಂದುಕೊಂಡೆ, ಅಂದುಕೊಂಡದ್ದಷ್ಟೇ. ಕಾರು ಶೇಂಗಾ ಹೊಲದ ನಡುವೆ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ಕುರಿಯವನು ಕೋಲೂರಿ ನಿಂತು ನೋಡಿದ. “ಏನ್ರಪ್ಪ, ಕುರಿ ರೋಡ್ನಾಗೆ ಹೋಗ್ತಾವೆ, ಕಾರು ಹೊಲದಾಗೆ ಮೇಯ್ತೈತೆ!”

ಗಂಡಿನ ತಂದೆ ಇಳಿದರು. ಅವರು ಪಂಪ್‌ಸೆಟ್ ರಿಪೇರಿ ಮಾಡೋರಂತೆ, ನನಗೇನು ಗೊತ್ತು. ನನ್ನ ಬಾಯಿಂದ ವಾಷರ್ ಕಥೆ ಕೇಳಿ ಜುಬ್ಬಾ ಬಿಚ್ಚಿ ನನ್ನ ಕೈಗೆ ಕೊಟ್ಟರು.

“ಸ್ಪ್ರಿಂಗ್ ಬಿಗಿಯಾದ್ರೆ ಎಣ್ಣೆ ಇನ್ನೂ ಜೋರಾಗಿ ಒತ್ತತೈತೆ, ಹಗುರಾಗದೆ ಇನ್ನೇನು? ಇದನ್ನ ಹಿಡ್ಕಂಡು ನಿಂತ್ಕ. ಬ್ಯಾರೆ ಏನೂ ಮುಟ್ಟಬ್ಯಾಡ.”

ಮೂರೂ ವಾಷರ್ ಕಿತ್ತರು, ಸ್ಪ್ರಿಂಗನ್ನ ಒಂದು ಸುತ್ತು ಕತ್ತರಿಸಿದರು. ಕಾರು ಹೇಳಿದ ಮಾತು ಕೇಳತೊಡಗಿತು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮನೆ ಮುಂದೆ ಸಾಹುಕಾರರು ಕಾಯುತ್ತಿದ್ದರು. ಕಾರು ನೆಟ್ಟಗೆ ಬಂದು ನಿಂತದ್ದು ನೋಡಿ ಅವರ ಕಣ್ಣು ತುಂಬಿತು. ನನ್ನ ಬೆನ್ನು ತಟ್ಟಿ, ಪವರ್ ಸ್ಟೇರಿಂಗ್ ರಿಪೇರಿಗೆ ಇಡೀ ಜಿಲ್ಲೆಗೆ ಇವನೊಬ್ಬನೇ ಅಂತ ಎಲ್ಲರಿಗೂ ಕೇಳೋ ಹಂಗೆ ಹೊಗಳಿದರು.

“ಹೌದ್ರಿ, ನಾವೂ ದಾರೀಲಿ ನೋಡಿದ್ವಿ,” ಅಂದರು ಗಂಡಿನ ತಂದೆ. “ಹುಡುಗೀನ ಆಮೇಲೆ ನೋಡಾಣ. ಮೊದಲು ಕೈ ತೊಳಕಳಾಕೆ ಒಂಚೂರು ಸೀಮೆಎಣ್ಣೆ ಕೊಡ್ರಿ.”

ಸಾಹುಕಾರರು ಮೊಣಕೈವರೆಗೆ ಕಪ್ಪಾದ ಬೀಗರ ಕೈ ನೋಡಿದರು. ಆಮೇಲೆ ನನ್ನ ಕೈ ನೋಡಿದರು.

ಸಂಬಂಧವೇನೋ ಕುದುರಿತು. ಆದರೆ ಮೆಕ್ಯಾನಿಕ್ ಆದಾಗಿನಿಂದ ನನ್ನ ಕೈ ಅಷ್ಟು ಸ್ವಚ್ಛವಾಗಿದ್ದ ದಿನ ಅದೊಂದೇ.